ಗಂಟಲು ದಾಟುವ ತನಕ ದೀಪ ಹಚ್ಚಬಾರದು

ನಮ್ಮೂರ ಆಸ್ಪತ್ರೆಯಲ್ಲಿ ಹೊಟ್ಟೆಯೊಳಗೆ ಪೈಪು ಇಳಿಸಿ ನೋಡುವಾಗ, ಪೈಪಿನ ತುದಿ ಗಂಟಲು ದಾಟುವ ತನಕ ಅದರ ದೀಪ ಹಚ್ಚುವುದಿಲ್ಲ. ಬೇರೆ ಊರಿನವರು ಇದನ್ನು ಕೇಳಿ ನಗುತ್ತಾರೆ. ನಗಲಿ. ಅವರ ಕಿರುನಾಲಿಗೆಗಳು ಮೂಕ, ನಮ್ಮ ಪಾಡು ಅವರಿಗೇನು ಗೊತ್ತು. ನಮ್ಮಲ್ಲಿ ದೊಡ್ಡ ನಾಲಿಗೆ ಇರುವುದು ಹೂಂ ಅನ್ನುವುದಕ್ಕೆ, ಕಿರುನಾಲಿಗೆ ಇರುವುದು ಒಲ್ಲೆ ಅನ್ನುವುದಕ್ಕೆ. ದೊಡ್ಡದು ಹಗಲೆಲ್ಲ ಆಡುತ್ತದೆ. ಚಿಕ್ಕದು ಗಂಟಲ ಬಾಗಿಲಲ್ಲಿ ಜೋತುಬಿದ್ದು ಸುಮ್ಮನಿರುತ್ತದೆ. ಅದರ ಮೇಲೆ ಬೆಳಕು ಬಿತ್ತೋ, ಇಷ್ಟು ದಿನ ಯಾವುದನ್ನು ಒಲ್ಲದೆ ಸುಮ್ಮನಿತ್ತೋ ಅದನ್ನು ನಾಲ್ಕು ಮನೆಗೆ ಕೇಳುವ ಹಾಗೆ ಹೇಳಿಬಿಡುತ್ತದೆ.

ಆದ್ದರಿಂದ ನಮ್ಮೂರಲ್ಲಿ ಯಾರೂ ಬಿಸಿಲಿಗೆ ಮುಖ ಮಾಡಿ ಆಕಳಿಸುವುದಿಲ್ಲ. ನಗು ಬಂದರೆ ತಲೆ ತಗ್ಗಿಸಿ ನಗುತ್ತೇವೆ. ಹೊರಗಿನವರು ನಮ್ಮನ್ನು ಬಹಳ ವಿನಯದ ಜನ ಅಂದುಕೊಂಡು ಹೋಗುತ್ತಾರೆ. ಮಠದ ಭಜನೆಯವರು ದೀಪಕ್ಕೆ ಬೆನ್ನು ಹಾಕಿ ಕೂತು ಹಾಡುತ್ತಾರೆ. ಹಲ್ಲು ಕೀಳುವವನು ಕಿಟಕಿ ಮುಚ್ಚಿದ ಕೋಣೆಯಲ್ಲಿ ಬೆರಳಿನಿಂದಲೇ ತಡವಿ ಕೀಳುತ್ತಾನೆ. ಒಮ್ಮೊಮ್ಮೆ ನೋಯುವ ಹಲ್ಲು ಉಳಿದು ಪಕ್ಕದ ಹಲ್ಲು ಬರುತ್ತದೆ, ಯಾರೂ ತಕರಾರು ಮಾಡುವುದಿಲ್ಲ. ಹಾಲುಹಲ್ಲು ಬೀಳುವ ತನಕ ಮಕ್ಕಳಿಗೆ ಮಾತ್ರ ಮಾಫಿ. ಬೆಳಗಿನ ಹೊತ್ತು ಶಾಲೆಯ ಮುಂದೆ ಬಾಯಿ ಅಗಲಿಸಿ ಅಳುವ ಪಿಳ್ಳೆಗಳ ಕಿರುನಾಲಿಗೆಗಳು 'ಸಾಲಿ ಒಲ್ಲೆ, ಸಾಲಿ ಒಲ್ಲೆ' ಅಂತ ಕಪ್ಪೆಗಳ ಹಾಗೆ ಕೂಗುತ್ತವೆ, ಮಾಸ್ತರರು ಕೇಳದವರ ಹಾಗೆ ಹಾಜರಿ ಕರೆಯುತ್ತಾರೆ.

ದೊಡ್ಡವರ ವಿಷಯ ಬೇರೆ. ಒಬ್ಬ ಮುದುಕರು ಬಸ್ ನಿಲ್ದಾಣದ ಕಟ್ಟೆಯ ಮೇಲೆ ಬಾಯಿ ತೆರೆದು ನಿದ್ದೆ ಹೋಗಿದ್ದರು. ನೆರಳು ಸರಿದು ಬಿಸಿಲು ಬಾಯಿಗೆ ಬಿತ್ತು. 'ಸೊಸಿ ಕೈಯಾಗಿನ ರೊಟ್ಟಿ ಒಲ್ಲೆ' ಅಂದಿತು ಕಿರುನಾಲಿಗೆ. ಸಂಜೆಯೊಳಗೆ ಆ ಮನೆಯಲ್ಲಿ ಎರಡು ಒಲೆ. ಮುದುಕರು ಎಷ್ಟು ಆಣೆ ಮಾಡಿದರೂ ನಡೆಯಲಿಲ್ಲ, ಯಾಕೆಂದರೆ ಕಿರುನಾಲಿಗೆ ಆಡಿದ್ದನ್ನು ದೊಡ್ಡ ನಾಲಿಗೆ ತಿದ್ದುವ ಹಾಗಿಲ್ಲ. ಅದು ಒಲ್ಲೆ ಅಂದರೆ ಎದುರಿಗಿದ್ದವರು ಮಾಡುತ್ತಿದ್ದ ಕೆಲಸ ಅಲ್ಲಿಗೇ ಬಿಟ್ಟು ಎದ್ದು ಹೋಗಬೇಕು. ಇದು ನಮ್ಮ ಕಟ್ಟಳೆ, ಬಡವನಿಗೂ ಅದೇ, ಸಾಹುಕಾರನಿಗೂ ಅದೇ.

ನಾನು ತಂಗೆವ್ವ. ಗಂಡಿಗೆ ಹೆಣ್ಣು, ಹೆಣ್ಣಿಗೆ ಗಂಡು ಕೂಡಿಸುವುದು ನನ್ನ ಕಸಬು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುತ್ತಾರೆ. ನಾನು ಸುಳ್ಳು ಹೇಳಿದವಳಲ್ಲ, ಹೂಂ ಅಂದವಳು. ಹುಡುಗ ಬಂಗಾರದಂಥವನು ಅಂತ ಅವನ ತಾಯಿ ಅಂದರೆ ನಾನು ಹೂಂ ಅಂದೆ. ಹುಡುಗಿ ಕೂತಲ್ಲಿ ಕೂರದೆ ಕೆಲಸ ಮಾಡುತ್ತಾಳೆ ಅಂತ ಅವಳ ಅಪ್ಪ ಅಂದರೆ ಅದಕ್ಕೂ ಹೂಂ ಅಂದೆ. ಊರಿನ ಅರ್ಧ ಸಂಸಾರಗಳು ನನ್ನ ಹೂಂ ಮೇಲೆ ನಿಂತಿವೆ ಅಂದರೆ ಜಂಬ ಅಲ್ಲ. ಹೋದ ಮನೆಯಲ್ಲೆಲ್ಲ ಎಲೆಅಡಿಕೆ ತಟ್ಟೆ ಮುಂದಿಡುವುದು ವಾಡಿಕೆ, ಪಕ್ಕದಲ್ಲಿ ಒಂದು ಚಿಟಿಕೆ ತಂಬಾಕು. ಮಾತುಕತೆ ಕುದುರಿದರೂ ಹಾಕಿಕೊಂಡೆ, ಮುರಿದರೂ ಹಾಕಿಕೊಂಡೆ.

ಮೊದಲು ರೊಟ್ಟಿ ನುಂಗುವಾಗ ಜೋಳದ ಹೊಟ್ಟು ಸಿಕ್ಕಿಕೊಂಡ ಹಾಗೆ ಚುಚ್ಚುತ್ತಿತ್ತು. ಆಮೇಲೆ ಆ ಚುಚ್ಚು ಕಿವಿಗೆ ಹತ್ತಿತು. ಆಮೇಲೆ ಕುಪ್ಪಸದ ತೋಳು ಸಡಿಲಾಗಿ ಜೋಲತೊಡಗಿತು. ಡಾಕ್ಟರ್ ನಿಜಗುಣ ಪೈಪು ಇಳಿಸಿ ನೋಡಿ, ಹೊಟ್ಟೆ ಶುದ್ಧ ಇದೆ, ವಾಯು ಅಷ್ಟೇ ಅಂತ ಗುಳಿಗೆ ಕೊಟ್ಟರು. ಗುಳಿಗೆ ಮುಗಿದ ಮೇಲೆ ಮತ್ತೆ ಇಳಿಸಿ ನೋಡಿ, ಮೊದಲಿಗಿಂತ ಶುದ್ಧ ಇದೆ ಅಂದರು. ನಾನು ಅವರ ಕೈ ಹಿಡಿದು ನನ್ನ ಗದ್ದದ ಕೆಳಗೆ ಇಟ್ಟುಕೊಂಡು, ನೋವು ಇಲ್ಲಿದೆ, ನೀವು ನೋಡುವುದು ಅಲ್ಲಿ ಅಂದೆ. ಅವರು ಕೈ ಬಿಡಿಸಿಕೊಂಡು, ಅಲ್ಲಿ ನೋಡುವ ಹಾಗಿಲ್ಲವಲ್ಲ ಅಂದರು. ನೋಡುವ ಹಾಗಿಲ್ಲ ಅನ್ನುವುದು ನನಗೂ ಗೊತ್ತಿತ್ತು, ಊರಿಗೆಲ್ಲ ಗೊತ್ತಿತ್ತು. ಆದರೆ ನನಗೆ ಇನ್ನೊಂದೂ ಗೊತ್ತಿತ್ತು. ನನ್ನ ಗಂಡನಿಗೂ ಹೀಗೇ ಚುಚ್ಚುತ್ತಿತ್ತು, ಅವನಿಗೂ ಹೀಗೇ ಹೊಟ್ಟೆ ಶುದ್ಧ ಇದೆ ಅಂದಿದ್ದರು. ಕಡೆಗೆ ಗುಟುಕು ನೀರೂ ಇಳಿಯದ ಹಾಗೆ ಗಂಟಲು ಕಟ್ಟಿತು. ಶುದ್ಧ ಹೊಟ್ಟೆ ಇಟ್ಟುಕೊಂಡು ಸತ್ತ ನನ್ನ ಗಂಡ.

ಹಾಗಾಗಿ ನಾನು ಡಾಕ್ಟರಿಗೆ ದೀಪ ಹಚ್ಚಿಯೇ ಪೈಪು ಹಾಕಿ ಅಂದೆ. ಮೊದಲು ಬಾಯಿ ನೋಡಿ, ಆಮೇಲೆ ಗಂಟಲು ನೋಡಿ, ಪುರಸೊತ್ತಿದ್ದರೆ ಹೊಟ್ಟೆ ನೋಡಿ ಅಂದೆ. ಡಾಕ್ಟರ ಮುಖ ಸುಣ್ಣ ಬಳಿದಂತಾಯಿತು. ಪಾಪ, ಅವರ ಮದುವೆಯನ್ನೂ ನಾನೇ ಮಾಡಿಸಿದ್ದು. ಮಂದಾಕಿನಿಯ ಜಾತಕ ಹಿಡಿದು ಅವರ ಮನೆ ಹೊಸ್ತಿಲು ತುಳಿದವಳು ನಾನು. ಹೂಂ ಅಂದ ತಂಗೆವ್ವನ ಒಳಗೆ ಆವತ್ತು ಇನ್ನೊಂದು ನಾಲಿಗೆ ಏನಂದಿತ್ತೋ ಅನ್ನುವ ಅಳುಕು ಆ ಮನುಷ್ಯನಿಗೆ ಇಲ್ಲದೆ ಇರುತ್ತದೆಯೇ? ವಿಚಾರ ಮಾಡಿ ಹೇಳುತ್ತೇನೆ ಅಂದರು. ನಮ್ಮೂರಲ್ಲಿ ವಿಚಾರ ಮಾಡುತ್ತೇನೆ ಅಂದರೆ ಇಲ್ಲ ಅಂತ ಅರ್ಥ.

ನಾನು ಕೇಳಿದ್ದು ಆಸ್ಪತ್ರೆಯ ಗೋಡೆ ದಾಟಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ತಂಗೆವ್ವ ಗಂಟಲಿಗೆ ದೀಪ ಹಚ್ಚಿಸಿಕೊಳ್ಳುತ್ತಾಳಂತೆ ಅನ್ನುವ ಸುದ್ದಿ ನೀರಿನ ನಳದಿಂದ ನಳಕ್ಕೆ ಹೋಯಿತು. ಅವತ್ತಿನಿಂದ ನನ್ನ ಮನೆಯ ಬಾಗಿಲು ಮುಚ್ಚಲು ಬಿಡುವಾಗಲಿಲ್ಲ. ನನ್ನ ಕೈಯಿಂದ ಮದುವೆಯಾಗಿ ಮೊಮ್ಮಕ್ಕಳನ್ನು ಕಂಡವರೂ ಬಂದರು. ಒಬ್ಬಳು ಬಂದು, ನನ್ನ ಗಂಡನ ಬಗ್ಗೆ ನಿನಗೆ ಆಗ ಏನಾದರೂ ಅನಿಸಿತ್ತೇನು ಅಂತ ಕೇಳಿದಳು. ಕೇಳಿದವಳೇ ಉತ್ತರ ಹೇಳಬೇಡ ಅಂತ ಕಿವಿ ಮುಚ್ಚಿಕೊಂಡಳು. ಎಲ್ಲರ ಕೈಯಲ್ಲೂ ಬಾಳೆಹಣ್ಣು. ನುಂಗಲಾರದವಳ ಮನೆಗೆ ಗೊನೆಗಟ್ಟಲೆ ಬಾಳೆಹಣ್ಣು ಬಂದು ಬಿತ್ತು.

ಕಡೆಗೆ ಚನ್ನಮಲ್ಲಪ್ಪ ಸಾಹುಕಾರರೇ ಬಂದರು. ಆಸ್ಪತ್ರೆಯ ಕಟ್ಟಡ ಅವರದು, ಪೈಪಿನ ಯಂತ್ರ ತರಿಸಿದವರು ಅವರು, ಆಡಳಿತ ಮಂಡಳಿಯ ಅಧ್ಯಕ್ಷರೂ ಅವರೇ. ಅವರ ಮನೆಯಲ್ಲಿ ನಾನು ಕೂಡಿಸಿದ ಜೋಡಿಗಳು ಒಂದೆರಡಲ್ಲ. ಖುರ್ಚಿಯಲ್ಲಿ ಕೂತು, ಬಾಯಿಗೆ ಶಲ್ಯದ ಅಂಚು ಅಡ್ಡ ಹಿಡಿದು ಬಹಳ ಸಮಾಧಾನದಿಂದ ಮಾತಾಡಿದರು. ವಯಸ್ಸಾದ ಮೇಲೆ ಒಂದಲ್ಲ ಒಂದು ನೋವು ಇದ್ದದ್ದೇ ಅಂದರು. ಒಬ್ಬರ ಗಂಟಲಿಗಾಗಿ ಊರಿನ ಸಂಸಾರಗಳನ್ನು ಬೀದಿಗೆ ತರುವುದು ಧರ್ಮವಲ್ಲ ಅಂದರು. ಅಷ್ಟು ಬೇಕೇ ಬೇಕಾದರೆ ತಮ್ಮ ಕಾರು ಕೊಡುವುದಾಗಿಯೂ, ಯಾರಿಗೂ ಗೊತ್ತಾಗದ ಹಾಗೆ ದೂರದ ಪಟ್ಟಣಕ್ಕೆ ಹೋಗಿ ತೋರಿಸಿಕೊಂಡು ಬರಬಹುದೆಂದೂ ಹೇಳಿದರು. ಅಲ್ಲಿ ಕಿರುನಾಲಿಗೆ ಏನು ಆಡಿದರೂ ಕೇಳುವವರು ನಮ್ಮವರಲ್ಲವಲ್ಲ.

ಸುಳ್ಳು ಯಾಕೆ ಹೇಳಲಿ, ಕಾರು ಅಂದಾಗ ಒಂದು ಗಳಿಗೆ ಮನಸ್ಸು ಜಾರಿತು. ಜೀವ ಅಂದರೆ ಯಾರಿಗೆ ಬೇಡ. ಆದರೆ ಅವರು ಗೊತ್ತಾಗದ ಹಾಗೆ ಅಂದರಲ್ಲ, ಆ ಮಾತು ನನ್ನನ್ನು ಸುಟ್ಟಿತು. ನನ್ನ ಗಂಡ ಯಾರಿಗೂ ಗೊತ್ತಾಗದ ಹಾಗೆ ಸತ್ತಿದ್ದ.

"ಕದ್ದು ತೋರಿಸ್ಕೊಳ್ಳಾಕ ನಾ ಏನ್ ಕದ್ದೀನ್ರಿ ಸಾವಕಾರ್ರ?" ಅಂದೆ. "ಈ ಗಂಟಲಾ ಇದ ಊರಾಗ ಹುಟ್ಟೇತಿ, ನಿಮ್ಮೆಲ್ಲರ ಮದವಿಗಿ ಹೂಂ ಅಂದೇತಿ. ಇಲ್ಲೇ ನೋಡ್ಲಿ."

ಅವರು ಎದ್ದು ಹೋದರು. ಹೋಗುವಾಗ, ಮಂಡಳಿ ಒಪ್ಪುವುದಿಲ್ಲ ಅಂತ ಬಾಗಿಲಲ್ಲಿ ನಿಂತು ಹೇಳಿದರು. ನನ್ನ ಮಗ ಟೆಂಪೋ ಓಡಿಸುವವನು, ಸಾಹುಕಾರರ ಗೋದಾಮಿನ ಮಾಲು ಹೇರುವವನು. ಅವನು ಅವರನ್ನು ಬೀದಿಯ ತನಕ ಕಳಿಸಲು ಹಿಂದೆಯೇ ಓಡಿದ. ಸೊಸೆ ಕಸ್ತೂರಿ ಒಲೆಯ ಮುಂದೆ ನನಗಾಗಿ ಗಂಜಿ ಕದಡುತ್ತಿದ್ದಳು. ಅವಳನ್ನು ಆರಿಸಿ ತಂದವಳು ನಾನೇ, ಊರಿನ ಮೊದಲ ಹೆದರಿಕೆ ಅವಳಿಗೇ ಇರಬೇಕಿತ್ತು. ನಾಳೆ ನನ್ನ ಕಿರುನಾಲಿಗೆ ನಿನ್ನ ಹೆಸರೇ ಹಿಡಿದರೆ ಏನು ಮಾಡುತ್ತೀ ಅಂತ ಕೇಳಿದೆ. ಅವಳು ಸೌಟು ಕೊಡವಿ ಪಕ್ಕಕ್ಕಿಟ್ಟಳು.

"ಅಂದ್ರ ಅನ್ಲ್ಯಾಕ್ರಿ ಅತ್ತಿ. ನನ್ನ ಒಲ್ಲೆ ಅಂದ್ರೂ ಗಂಜಿ ಕಾಸಾಕಿ ನಾನ ಅಲ್ಲೇನು? ಮೊದಲ ನೀವು ಉಳೀರಿ, ಆಮ್ಯಾಲ ಜಗಳಾ ಮಾಡೋಣಂತ."

ಅವತ್ತು ನನಗೆ ಅಳು ಬಂತು. ತಲೆ ತಗ್ಗಿಸಿ ಅತ್ತೆ, ಅಭ್ಯಾಸ ಬಿಡಬೇಕಲ್ಲ.

ಮಾರನೆಯ ದಿನ ಬರಿಹೊಟ್ಟೆಯಲ್ಲಿ ಕಸ್ತೂರಿಯ ತೋಳು ಹಿಡಿದುಕೊಂಡು ಆಸ್ಪತ್ರೆಗೆ ಹೋದೆ. ಪಡಸಾಲೆಯಲ್ಲಿ ಕಾಲಿಡಲು ಜಾಗವಿಲ್ಲ. ಹಬ್ಬಕ್ಕೆ ಬಂದ ಹಾಗೆ ಬಂದಿದ್ದಾರೆ, ಎಲ್ಲರೂ ಬಾಯಿ ಬಿಗಿದುಕೊಂಡು. ಸಾಹುಕಾರರು ಪರೀಕ್ಷೆಯ ಕೋಣೆಯ ಬಾಗಿಲ ಪಕ್ಕದಲ್ಲೇ ನಿಂತು ಡಾಕ್ಟರಿಗೆ ನಿಯಮ ನೆನಪು ಮಾಡಿಕೊಡುತ್ತಿದ್ದರು. ಡಾಕ್ಟರ್ ನಿಜಗುಣ ಅವರಿಗೂ ಹೂಂ ಅಂದರು, ನನ್ನನ್ನು ನೋಡಿ ನನಗೂ ಹೂಂ ಅಂದರು. ಒಳಗೆ ಹೋಗಿ ಬಾಗಿಲು ಎಳೆದುಕೊಂಡ ಮೇಲೆ ನಾನು ಅವರನ್ನು ಹತ್ತಿರ ಕರೆದೆ.

"ತಮ್ಮಾ, ಮಂದಾಕಿನಿ ಹೆಸರ ತಗೊಂಡು ಅದು ಏನಾರ ಅಂದ್ರ ಕಿವಿಗಿ ಹಾಕ್ಕೋಬ್ಯಾಡ. ನೀ ಕಣ್ಣಷ್ಟ ಬಳಸು."

ಅವರು ಕೈಗೆ ರಬ್ಬರಿನ ಚೀಲ ಏರಿಸಿಕೊಂಡರು. ಸಿಸ್ಟರ್ ಗ್ರೇಸಿ ನನ್ನ ಕಟ್ಟಿಸಿಕೊಂಡ ಹಲ್ಲು ತೆಗೆಸಿ ಬಟ್ಟಲಲ್ಲಿಟ್ಟಳು. ಎಡಮಗ್ಗುಲಿಗೆ ಮಲಗಿಸಿ, ಗಂಟಲಿಗೆ ಜೋಮು ಹಿಡಿಸುವ ಔಷಧಿ ಹೊಡೆದಳು, ಬೇವಿಗಿಂತ ಕಹಿ. ಹಲ್ಲಿಲ್ಲದ ವಸಡುಗಳ ನಡುವೆ ಬಳೆಯಂಥದೊಂದನ್ನು ಇಟ್ಟು ಪಟ್ಟಿ ಕಟ್ಟಿದಳು. ಇನ್ನು ದೊಡ್ಡ ನಾಲಿಗೆಗೆ ಮಾತಿಲ್ಲ. ಜೊಲ್ಲು ನುಂಗಬೇಡಿ, ಹೊರಗೆ ಹರಿಯಲಿ, ಮೂಗಿನಿಂದ ಉಸಿರಾಡಿ ಅಂದಳು. ದೀಪದ ಗುಂಡಿ ಅವಳ ಬೆರಳ ಕೆಳಗಿತ್ತು. ಡಾಕ್ಟರು ಪೈಪು ಹಿಡಿದುಕೊಂಡು ನಿಂತೇ ಇದ್ದರು, ಹಚ್ಚು ಅನ್ನಲಿಲ್ಲ. ನಾನು ಬಲಗೈ ಎತ್ತಿ ಗುಂಡಿಯ ಕಡೆ ಬೆರಳು ತೋರಿಸಿದೆ. ಗ್ರೇಸಿ ಡಾಕ್ಟರ ಮುಖ ನೋಡಿದಳು. ಡಾಕ್ಟರು ಬಾಗಿಲ ಕಡೆ ಒಮ್ಮೆ ನೋಡಿ, ಕಣ್ಣು ಮುಚ್ಚಿ ತೆರೆದು, ತಲೆ ಆಡಿಸಿದರು.

ಬಾಯೊಳಗೆ ಬೆಳಕು ಬಿದ್ದದ್ದು ನನಗೆ ಗೊತ್ತಾಯಿತು, ಕೆನ್ನೆಯ ಒಳಗೆಲ್ಲ ಬೆಚ್ಚಗಾದ ಹಾಗೆ. ಎದುರಿನ ಪರದೆಯ ಮೇಲೆ ನನ್ನ ನಾಲಿಗೆ, ಅಂಗುಳು, ತಂಬಾಕು ತಿಂದು ಕಂದಿದ ಕೆನ್ನೆ ಒಂದೊಂದಾಗಿ ಕಾಣಿಸಿದವು. ಡಾಕ್ಟರು ಅವಸರ ಮಾಡಲಿಲ್ಲ. ಪೈಪು ಹಿಂದಕ್ಕೆ ಸರಿಯಿತು. ಅಲ್ಲಿ ಅದು ಜೋತುಬಿದ್ದಿತ್ತು, ಇಷ್ಟು ವರ್ಷ ನನ್ನೊಳಗೇ ಇದ್ದು ನಾನು ಒಮ್ಮೆಯೂ ಕಾಣದ ಜೀವ. ಔಷಧಿ ನೋವಿಗೆ ಜೋಮು ಹಿಡಿಸಿತ್ತು, ಮಾತಿಗೆ ಹಿಡಿಸಿರಲಿಲ್ಲ. ಬೆಳಕು ತಾಕಿದ ಕೂಡಲೆ ಅದು ಒಮ್ಮೆ ನಡುಗಿ, ಒಲ್ಲೆ ಅಂದಿತು.

 ಡಾಕ್ಟರ ಕೈ ಪೈಪನ್ನು ಹಿಂದಕ್ಕೆ ಎಳೆಯತೊಡಗಿತು. ಅವರ ತಪ್ಪಲ್ಲ. ನಮ್ಮೂರಲ್ಲಿ ಹುಟ್ಟಿದ ಕೈ ಅದು. ಒಲ್ಲೆ ಅಂದರೆ ನಿಲ್ಲಬೇಕು, ಬಿಟ್ಟು ಏಳಬೇಕು ಅಂತ ಕಲಿತ ಕೈ. ಪೈಪು ಬೇಡ ಅಂತಿದೆ ತಂಗೆವ್ವಾ, ಇನ್ನು ನಾನು ಮುಟ್ಟುವ ಹಾಗಿಲ್ಲ ಅಂದರು. ಅವರ ದನಿಯಲ್ಲಿ ಬೇಸರಕ್ಕಿಂತ ಬಿಡುಗಡೆಯೇ ಹೆಚ್ಚಿತ್ತು. ಬಾಗಿಲಾಚೆ ಸಾಹುಕಾರರು ಸರಿ, ಮುಗೀತು ಅಂದದ್ದೂ ಕೇಳಿಸಿತು.

ನನಗೆ ಎಲ್ಲಿಂದ ಸಿಟ್ಟು ಬಂತೋ. ಬಲಗೈಯಿಂದ ಡಾಕ್ಟರ ಮಣಿಕಟ್ಟು ಗಟ್ಟಿಯಾಗಿ ಹಿಡಿದೆ. ವಾಕರಿಕೆ ಬಂತು, ಕಣ್ಣಲ್ಲಿ ಮೂಗಲ್ಲಿ ನೀರು ಕಿತ್ತುಕೊಂಡಿತು, ಜೊಲ್ಲು ದಿಂಬೆಲ್ಲ ತೋಯಿಸಿತು. ಬಿಡಲಿಲ್ಲ. ನನ್ನ ಕಿರುನಾಲಿಗೆಯೇ ನನಗೆ ಅಡ್ಡ ಬಂದರೆ ಅದನ್ನೂ ಒಂದು ಕೈ ನೋಡಿಯೇ ಬಿಡುತ್ತೇನೆ ಅಂತ, ಅವರ ಕೈಯನ್ನು ನನ್ನ ಬಾಯಿಯ ಕಡೆಗೇ ಎಳೆದುಕೊಂಡೆ. ಬೆಳಕು ಮತ್ತೆ ಒಳಗೆ ಹೋಯಿತು. ಮತ್ತೆ ಅದರ ಮೇಲೆ ಬಿತ್ತು. ಆಗ ಅದು ತನ್ನ ಮಾತು ಪೂರ್ತಿ ಆಡಿತು.

"ಸಾಯಾಕ ಒಲ್ಲೆ," ಅಂದಿತು. "ನಾ ಸಾಯಾಕ ಒಲ್ಲೆ."

ಬೀಸುಕಲ್ಲಿನಂಥ ದನಿ. ಆಸ್ಪತ್ರೆಯ ಅಂಗಳದ ತನಕ ಕೇಳಿತಂತೆ. ಯಾರ ಹೆಸರೂ ಇಲ್ಲ, ಯಾವ ಮನೆಯ ಮಾತೂ ಇಲ್ಲ. ಊರಿನ ಎಲ್ಲ ಮದುವೆಗಳನ್ನು ಗಂಟಲಲ್ಲಿಟ್ಟುಕೊಂಡಿದ್ದೇನೆ ಅಂತ ಅವರೂ ತಿಳಿದಿದ್ದರು, ನಾನೂ ತಿಳಿದಿದ್ದೆ. ಕಿರುನಾಲಿಗೆಗೆ ಅದ್ಯಾವುದರ ಗೊಡವೆಯೂ ಇರಲಿಲ್ಲ. ಡಾಕ್ಟರ ಕೈ ನನ್ನ ಹಿಡಿತದಲ್ಲಿ ಹಿಂದಕ್ಕೆ ಎಳೆಯುವುದನ್ನು ಬಿಟ್ಟಿತು. ಬಿಡಿ ಅವ್ವಾ, ಎಳೆಯುವುದಿಲ್ಲ, ನೋಡುತ್ತೇನೆ ಅಂದರು. ನಾನು ಕೈ ಬಿಟ್ಟೆ. ಕಿರುನಾಲಿಗೆ ಬೈದುಕೊಳ್ಳುವ ಹಾಗೆ ಅದೇ ಮಾತನ್ನು ಮತ್ತೆ ಮತ್ತೆ ಆಡುತ್ತಲೇ ಇತ್ತು, ಅವರು ಗಂಟಲಿನ ಆ ಬದಿ, ಈ ಬದಿ, ಹಿಂದಿನ ಗೋಡೆ ಎಲ್ಲ ನೋಡಿದರು. ಕಡೆಗೆ ಪೈಪಿನ ತುದಿ ಬಾಗಿಸಿ ಕಿರುನಾಲಿಗೆಯ ಬುಡದ ಹಿಂಬದಿಗೆ ಬೆಳಕು ತಿರುಗಿಸಿದರು. ಅಲ್ಲಿ ಒದ್ದೆ ಕುಂಕುಮ ಚೆಲ್ಲಿದ ಹಾಗೆ ಒಂದು ಕೆಂಪು. ಇಲ್ಲಿದೆ ಅಂದರು ಡಾಕ್ಟರು. ಇನ್ನೂ ಚಿಕ್ಕದಿದೆ, ಇನ್ನೂ ಹೊತ್ತಿದೆ ಅಂದರು. ಗ್ರೇಸಿ ನನ್ನ ಹಣೆ ಒರೆಸಿದಳು.

ಹೊರಗೆ ಬಂದಾಗ ಪಡಸಾಲೆ ಖಾಲಿಯಾಗುತ್ತಿತ್ತು. ಕಟ್ಟಳೆ ಅಂದರೆ ಕಟ್ಟಳೆ: ಕಿರುನಾಲಿಗೆ ಒಲ್ಲೆ ಅಂದ ಮೇಲೆ ಎದುರಿಗಿದ್ದವರು ಮಾಡುತ್ತಿದ್ದ ಕೆಲಸ ಬಿಟ್ಟು ಹೋಗಬೇಕು. ಅವರೆಲ್ಲ ಸೇರಿ ಮಾಡುತ್ತಿದ್ದ ಕೆಲಸ ಒಂದೇ, ನನ್ನನ್ನು ಸಾಯಲು ಬಿಡುವುದು. ಅದನ್ನು ಬಿಡದೆ ಅವರಿಗೆ ಗತಿ ಇರಲಿಲ್ಲ. ಸಾಹುಕಾರರು ಶಲ್ಯ ಕೊಡವಿಕೊಂಡು, ನನ್ನ ಮುಖ ನೋಡದೆ ಎಲ್ಲರಿಗಿಂತ ಮುಂದಾಗಿ ಹೋದರು. ಒಬ್ಬ ಹೆಂಗಸು ಮಾತ್ರ ಬೆಂಚಿನ ಮೇಲೆ ಕೂತೇ ಇದ್ದಳು, ಕಮ್ಮಾರರ ಮನೆಯವಳು. ಡಾಕ್ಟರು ಹೊರಬಂದ ಕೂಡಲೆ ಎದ್ದು, ತನ್ನ ಗಂಡನಿಗೂ ನುಂಗುವಾಗ ಚುಚ್ಚುತ್ತದೆ, ದೀಪ ಹಚ್ಚಿ ನೋಡುತ್ತೀರಾ ಅಂತ ಕೇಳಿದಳು. ಡಾಕ್ಟರು ವಿಚಾರ ಮಾಡುತ್ತೇನೆ ಅನ್ನಲಿಲ್ಲ. ಕರೆದುಕೊಂಡು ಬಾ ಅಂದರು.

ನನ್ನನ್ನು ಪಟ್ಟಣದ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಹೋದದ್ದು ಸಾಹುಕಾರರ ಕಾರಿನಲ್ಲಲ್ಲ, ನನ್ನ ಮಗನ ಟೆಂಪೋದಲ್ಲಿ, ಹಗಲು ಹೊತ್ತಿನಲ್ಲಿ, ಪೇಟೆಯ ನಡುವೆ. ಅಲ್ಲಿನವರು ಆ ಕೆಂಪನ್ನು ಬುಡಸಮೇತ ಕತ್ತರಿಸಿದರು. ಬುಡದ ಜೊತೆ ಕಿರುನಾಲಿಗೆಯನ್ನೂ ತೆಗೆಯಬೇಕಾಯಿತು. ಬದುಕಿಕೊಂಡೆ. ಈಗ ದನಿ ಸ್ವಲ್ಪ ಮೂಗಿನಿಂದ ಬರುತ್ತದೆ, ಅವಸರದಲ್ಲಿ ನೀರು ಕುಡಿದರೆ ನೀರೂ ಮೂಗಿಗೇ ಬರುತ್ತದೆ. ಎಲೆಅಡಿಕೆ ತಟ್ಟೆಯನ್ನು ದೂರದಿಂದಲೇ ಕೈಮುಗಿದು ಕಳಿಸುತ್ತೇನೆ. ಕಿರುನಾಲಿಗೆ ಹೋದದ್ದಕ್ಕೆ ನನಗೆ ದುಃಖವಾಯಿತು. ನನ್ನ ಪರವಾಗಿ ಅಷ್ಟು ಗಟ್ಟಿಯಾಗಿ ಯಾರೂ ಮಾತಾಡಿರಲಿಲ್ಲ.

ಊರಿಗೆ ಮಾತ್ರ ಹಬ್ಬ. ತಂಗೆವ್ವನ ಗಂಟಲಲ್ಲಿ ಇನ್ನು ಏನೂ ಇಲ್ಲ, ಎಷ್ಟು ದೀಪ ಹಚ್ಚಿದರೂ ಭಯವಿಲ್ಲ ಅಂತ ಎಲ್ಲರ ಎದೆ ಹಗುರಾಯಿತು. ಒಲ್ಲೆ ಅನ್ನುವ ನಾಲಿಗೆಯೇ ಇಲ್ಲದ ದಲ್ಲಾಳಿ, ಇದಕ್ಕಿಂತ ಇನ್ನೇನು ಬೇಕು? ಮತ್ತೆ ಜಾತಕಗಳು ಬರತೊಡಗಿದವು. ಸಾಹುಕಾರರೂ ಬಂದರು, ಅದೇ ಖುರ್ಚಿಯಲ್ಲಿ ಕೂತರು. ಅವರ ತಮ್ಮನ ಮಗನ ವಿಷಯ. ಮೊದಲ ಹೆಂಡತಿಯನ್ನು ಹೊಡೆದು ತವರಿಗೆ ಅಟ್ಟಿದವನು, ಅದು ಊರಿಗೇ ಗೊತ್ತು. ಈಗ ಊರ ನಳಕ್ಕೆ ನೀರು ಬಿಡುವವನ ಮಗಳ ಮೇಲೆ ಅವರ ಕಣ್ಣು ಬಿದ್ದಿತ್ತು. ಬಡವರು, ತಂಗೆವ್ವ ಒಂದು ಮಾತು ಹೂಂ ಅಂದರೆ ಕಣ್ಣು ಮುಚ್ಚಿ ಕೊಡುತ್ತಾರೆ, ಹುಡುಗ ಈಗ ಸುಧಾರಿಸಿದ್ದಾನೆ ಅಂತ ಸಮಾಧಾನದಿಂದ ಹೇಳಿದರು. ಕಸ್ತೂರಿ ಚಹಾ ತಂದಿಟ್ಟು ಅಲ್ಲೇ ಗೋಡೆಗೆ ಒರಗಿ ನಿಂತಳು. ಸಾಹುಕಾರರು ಬಸಿಗೆ ಚಹಾ ಸುರಿದುಕೊಂಡು ನನ್ನ ಹೂಂಗಾಗಿ ಕಾದರು.

"ಒಲ್ಲೆ," ಅಂದೆ.

ಬಸಿ ಅವರ ತುಟಿಯ ಹತ್ತಿರವೇ ನಿಂತಿತು. ಅವರು ಮೊದಲು ಕಿಟಕಿ ನೋಡಿದರು. ಬಿಸಿಲು ನನ್ನ ಬೆನ್ನಿಗಿತ್ತು. ಆಮೇಲೆ ಬಗ್ಗಿ ನನ್ನ ಬಾಯಿಯನ್ನೇ ನೋಡಿದರು. ನಾನು ಸಾವಕಾಶವಾಗಿ ಬಾಯಿ ಅಗಲಿಸಿ ತೋರಿಸಿದೆ. ಅಲ್ಲಿ ಏನೂ ಜೋತುಬಿದ್ದಿರಲಿಲ್ಲ.

"ಯಾವ ನಾಲಿಗಿ ಅಂದಿದ್ದು ಅದು?" ಅಂತ ಕೇಳಿದರು.

"ಈಗ ಇರೋದ ಒಂದ ರೀ," ಅಂದೆ.

ಕಿರುನಾಲಿಗೆ ಒಲ್ಲೆ ಅಂದರೆ ಎದ್ದು ಹೋಗಬೇಕು ಅನ್ನುವುದು ಅವರಿಗೆ ಗೊತ್ತಿತ್ತು. ದೊಡ್ಡ ನಾಲಿಗೆ ಅಂದರೆ ಏನು ಮಾಡಬೇಕು ಅಂತ ಆ ಮನುಷ್ಯನಿಗೆ ಯಾರೂ ಕಲಿಸಿರಲಿಲ್ಲ. ಬಸಿ ಹಿಡಿದುಕೊಂಡು ಹಾಗೇ ಕೂತಿದ್ದರು. ಅದನ್ನೂ ನಾನೇ ಹೇಳಿಕೊಡಬೇಕಾಯಿತು. ಚಹಾ ಆರುತ್ತದೆ, ಕುಡಿದು ಏಳಿರಿ ಅಂದೆ.